ಮುರಿಯದ ಏಣಿ

ಮಂಗಳೂರಿಗೆ ಹೊರಟಿದ್ದ ಬಸ್ಸು ಆನೇಮಹಲ್‌ನಲ್ಲಿ ನಿಂತುಬಿಟ್ಟಿತು. ಮುಂದೆ ರಸ್ತೆ ಕೆಲಸ. ಆ ಕಡೆಯ ಗಾಡಿಗಳನ್ನು ಬಿಟ್ಟು ಈ ಕಡೆಯವನ್ನು ತಡೆದಿದ್ದರು. ಕಾಯುವುದೆಂದರೆ ನನಗೆ ಆಗುವುದಿಲ್ಲ. ಚಿಕ್ಕಂದಿನಿಂದಲೂ ಅಷ್ಟೆ, ಚರ್ಚಿನಲ್ಲಿ ಪ್ರವಚನ ಉದ್ದವಾದರೆ ಬೆಂಚಿನ ಕೆಳಗೆ ಕಾಲು ಅಲ್ಲಾಡಿಸಿ ಅಮ್ಮನಿಂದ ಚಿವುಟಿಸಿಕೊಂಡವಳು. ಕಿಟಕಿಯಿಂದ ತಲೆ ಹೊರಗೆ ಹಾಕಿ ಯಾರನ್ನು ಬೈಯಲಿ ಎಂದು ನೋಡುತ್ತಿದ್ದಾಗ ಪಕ್ಕದಲ್ಲೇ ಒಂದು ಪಿಕಪ್ ವ್ಯಾನು ಬಂದು ನಿಂತಿತು. ಅದರ ತುಂಬ ಹಸಿ ಕಾಳುಮೆಣಸಿನ ಮೂಟೆಗಳು, ನೆತ್ತಿಯ ಮೇಲೆ ಉದ್ದಕ್ಕೆ ಕಟ್ಟಿದ ಅಲ್ಯುಮಿನಿಯಂ ಏಣಿ, ಏಣಿಯ ಹಿಂದಿನ ತುದಿಗೆ ಒಂದು ಕೆಂಪು ಬಟ್ಟೆ. ಮೆಣಸಿನ ಘಾಟು ಮೂಗಿಗೆ ಬಂತು. ಬಿಸಿಲು ಏಣಿಯ ಮೇಲೆ ಬಿದ್ದು ನೇರವಾಗಿ ನನ್ನ ಕಣ್ಣಿಗೆ ಹೊಡೆಯಿತು.

ಎದ್ದು ಬ್ಯಾಗು ಎತ್ತಿಕೊಂಡೆ.

"ಮಂಗ್ಳೂರ್ ಟಿಕೇಟು ತಗಂಡು ಆನೇಮಹಲ್‌ನಾಗೆ ಇಳೀತೀರಾ ಮೇಡಂ?" ಎಂದ ಕಂಡಕ್ಟರ್.

"ಹೌದು, ಬಾಗಿಲು ತೆಗೀರಿ," ಎಂದೆ.

ಇಳಿದು ರಸ್ತೆ ಬದಿಯಲ್ಲಿ ನಿಂತ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಮಂಗಳೂರಿನಲ್ಲಿ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥ, ಅಲ್ಲಿ ಎಲ್ಲರೂ ಕಾಯುತ್ತಿದ್ದರು. ಒಂದು ಏಣಿಗೆ ಹೆದರಿ ಇಳಿದೆ ಎಂದು ಯಾರ ಹತ್ತಿರ ಹೇಳಲಿ? ಹಾಸನದಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಮೊಳೆಯಿಂದ ಮೋಟಾರಿನವರೆಗೆ ಎಲ್ಲ ಸಿಗುತ್ತದೆ, ಏಣಿಯೊಂದನ್ನು ಬಿಟ್ಟು. ಯಾರಾದರೂ ಕೇಳಿದರೆ "ಸ್ಟಾಕ್ ಇಲ್ಲ" ಅನ್ನುತ್ತೇನೆ. ಅಂಗಡಿ ತೆರೆದ ದಿನದಿಂದಲೂ ಸ್ಟಾಕ್ ಇಲ್ಲ.

ಮೊದಲು ಅಪ್ಪನ ಅಂಗಡಿಯ ವಿಷಯ ಹೇಳಬೇಕು. ಅದು ಸಕಲೇಶಪುರದಲ್ಲಿತ್ತು. ಕರಾವಳಿಯಿಂದ ಘಟ್ಟ ಹತ್ತಿ ಬಂದ ಅಜ್ಜ ಶುರು ಮಾಡಿದ್ದು. ಮನೆಯೊಳಗೆ ನಮ್ಮದು ಕೊಂಕಣಿ, ಅಂಗಡಿಯಲ್ಲಿ ಅಪ್ಪನ ಮಂಗಳೂರು ಕನ್ನಡ. ಪ್ಲಾಸ್ಟಿಕ್ ಬಕೆಟ್ ಕೊಳ್ಳಲು ಯಾರಾದರೂ ಬಂದರೆ ಅಪ್ಪ ಅದನ್ನು ಸಿಮೆಂಟ್ ನೆಲಕ್ಕೆ ಬಡಿದು, ಬೋರಲು ಹಾಕಿ, ಚಪ್ಪಲಿ ಕಳಚಿ ಅದರ ಮೇಲೆ ಹತ್ತಿ ನಿಲ್ಲುತ್ತಿದ್ದರು. ಅವರೋ ಎರಡು ಆಳು ತೂಕದ ಮನುಷ್ಯ. "ನೋಡಿ, ಒಡೆಯುವುದಿಲ್ಲ ಮಾರಾಯ್ರೇ!" ಗಿರಾಕಿ ನಗುತ್ತ ಕೈ ಚಾಚಿದಾಗ ಬಕೆಟ್ಟನ್ನು ಕೊಡದೆ ಹಿಡಿದುಕೊಂಡೇ ಇನ್ನೊಂದು ಮಾತು ಹೇಳುತ್ತಿದ್ದರು. "ಆದ್ರೆ ಬಿಸಿ ಬೂದಿ ಮಾತ್ರ ಇದಕ್ಕೆ ತುಂಬಬೇಡಿ. ತಳ ಕರಗಿ ಹೋಗ್ತದೆ."

ಆ ಎರಡನೇ ಮಾತು ಹೇಳದೆ ಅವರು ಯಾವ ಸಾಮಾನನ್ನೂ ಕೈದಾಟಿಸುತ್ತಿರಲಿಲ್ಲ. ಒಡೆಯುವುದಿಲ್ಲ ಎನ್ನುವ ಮೊದಲ ಮಾತು ಗಿರಾಕಿಗೆ ಖುಷಿಯಾಗಲಿ ಅಂತ, ಎರಡನೆಯದು ಅವನು ಕ್ಷೇಮವಾಗಿರಲಿ ಅಂತ. ಹೀಗೆ ನನಗೆ ಬಿಡಿಸಿ ಹೇಳಿಕೊಟ್ಟಿದ್ದರು. ನಾನು ಮೊದಲನೆಯದನ್ನು ಮಾತ್ರ ಚೆನ್ನಾಗಿ ಕಲಿತೆ.

ಹನ್ನೊಂದು ವರ್ಷದ ಹಿಂದೆ, ಕೃಷಿ ಡಿಪ್ಲೊಮಾ ಮುಗಿಸಿ ಮನೆಯಲ್ಲಿ ಕೂರಲಾರದೆ ಒದ್ದಾಡುತ್ತಿದ್ದಾಗ, ಅಪ್ಪನ ಹಳೆಯ ಗಿರಾಕಿಯಾಗಿದ್ದ ಸಾಹುಕಾರರೊಬ್ಬರು ಹೊಂಗಡಹಳ್ಳದ ಕಡೆಯ ತಮ್ಮ ಎಸ್ಟೇಟಿಗೆ ನನ್ನನ್ನು ರೈಟರ್ ಆಗಿ ಕರೆದರು. ರೈಟರ್ ಎಂದರೆ ಬೆಳಿಗ್ಗೆ ಹಾಜರಿ ಹಾಕಿ, ಯಾರು ತೋಟದ ಯಾವ ಪಟ್ಟೆಗೆ ಹೋಗಬೇಕೆಂದು ಹಂಚಿ, ಸಂಜೆಯವರೆಗೆ ಅವರ ಬೆನ್ನ ಹಿಂದೆ ತಿರುಗುವ ಕೆಲಸ. ಆ ಎಸ್ಟೇಟಿಗೆ ಹೆಣ್ಣು ರೈಟರ್ ನಾನೇ ಮೊದಲು. ಮೊದಲ ದಿನ ಪ್ಯಾಂಟು ಹಾಕಿಕೊಂಡು ನಿಂತಾಗ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು, ಗಂಡಸರು ನಗದೆ ತಲೆಯ ಮೇಲಿನ ಹೆಂಚಿನ ಮಾಡು ನೋಡಿದರು. ಆ ನೋಡದಿರುವುದು ನನ್ನನ್ನು ಹೆಚ್ಚು ಚುಚ್ಚಿತು. ಇವರಿಗೆ ನಾನೇನೆಂದು ತೋರಿಸಲೇಬೇಕು ಎಂದು ಅಂದೇ ಹಠ ಹುಟ್ಟಿತು. ಮುಂದಿನದೆಲ್ಲ ಆ ಹಠದ ಫಲ.

ಕಾಫಿ ಕೊಯ್ಲು ಮುಗಿದು ಮೆಣಸಿನ ಕೊಯ್ಲು ಶುರುವಾಗಿತ್ತು. ಆ ವರ್ಷದ ಬಿಸಿಲು ಬಿಸಿಲೇ. ಬೆಳಿಗ್ಗೆ ಮಂಜು ಕವಿದು ಮೂಗಿನ ತುದಿ ತಣ್ಣಗಾಗುತ್ತಿತ್ತು, ಹತ್ತು ಗಂಟೆಗೆ ಅದೇ ಮೂಗಿನೊಳಗೆ ಧೂಳು. ತೋಟದಲ್ಲಿ ಕಾಲಿಟ್ಟರೆ ತರಗೆಲೆ ಹಪ್ಪಳದಂತೆ ಪುಡಿಯಾಗುತ್ತಿತ್ತು. ಎಲ್ಲರೂ ಹೂಮಳೆಗೆ ಕಾಯುತ್ತಿದ್ದರು. ಮಾರ್ಚಿನಲ್ಲಿ ಒಂದು ಹದ ಮಳೆ ಬಿದ್ದರೆ ಕಾಫಿ ಗಿಡ ಹೂವಾಗುತ್ತದೆ, ಬೀಳದಿದ್ದರೆ ಮೊಗ್ಗು ಗಿಡದಲ್ಲೇ ಸುಟ್ಟುಹೋಗುತ್ತದೆ. ಸಾಹುಕಾರರು ಆಕಾಶ ನಂಬದೆ ಸ್ಪ್ರಿಂಕ್ಲರ್ ಜೋಡಿಸಿದ್ದರು. ಅದರ ಪಂಪಿಗೆ ಕೆರೆಯವರೆಗೆ ಹೊಸದಾಗಿ ಕರೆಂಟು ತಂತಿ ಎಳೆಸಿದ್ದರು. ದಿನಕ್ಕೆ ಕೆಲವು ಗಂಟೆ ಮಾತ್ರ ತ್ರೀಫೇಸ್ ಬರುತ್ತಿತ್ತು. ಯಾವ ಹೊತ್ತಿಗೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಅವರ ಆಜ್ಞೆ ಒಂದೇ: ಕಾಫಿ ಹೂವಾಗುವ ಮೊದಲು ಮೆಣಸು ಮರದಿಂದ ಇಳಿಯಬೇಕು. ಆದರೆ ಮರ ಹತ್ತುವವರು ನಾಲ್ಕೇ ಜನ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಗಳೋ ಬಾವುಟದ ಕಂಬದ ಹಾಗೆ ನೆಟ್ಟಗೆ, ಕೊಂಬೆಯಿಲ್ಲದೆ ಮೇಲೆ ಹೋಗಿದ್ದವು.

ಆ ನಾಲ್ವರಲ್ಲಿ ಹಿರಿಯ ತಿಮ್ಮಪ್ಪ. ಮೂವತ್ತು ಕೊಯ್ಲು ಹತ್ತಿ ಒಂದು ಸಲವೂ ಬೀಳದವನು. ಏಣಿ ಮಾಡುವವನೂ ಅವನೇ. ಅಮಾವಾಸ್ಯೆ ಹತ್ತಿರ ಬಂದಾಗ ಬಿದಿರು ಕಡಿದು ತರುತ್ತಿದ್ದ, ಆಗ ಕಡಿದರೆ ಹುಳು ಹಿಡಿಯುವುದಿಲ್ಲವಂತೆ. ನಮ್ಮ ಕಡೆ ಮೆಣಸಿನ ಏಣಿಗೆ ಒಂದೇ ಬಿದಿರು. ಗಿಣ್ಣುಗಳ ಹತ್ತಿರ ಪಕ್ಕದ ರೆಂಬೆಯನ್ನು ಗೇಣುದ್ದ ಉಳಿಸಿ ಸವರುತ್ತಾರೆ, ಅದೇ ಮೆಟ್ಟಿಲು, ಹೆಬ್ಬೆರಳು ಊರಲು ಅಷ್ಟೇ ಜಾಗ. ಪ್ರತಿ ಬೆಳಿಗ್ಗೆ ಹತ್ತುವ ಮುಂಚೆ ತಿಮ್ಮಪ್ಪ ಬಿದಿರಿಗೆ ಕಿವಿಯಿಟ್ಟು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದ, ಡಾಕ್ಟರು ಎದೆ ತಟ್ಟುವ ಹಾಗೆ.

ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಏಣಿಯನ್ನು ಮಲಗಿಸುತ್ತಿರಲಿಲ್ಲ. ಕಾಫಿ ಗಿಡದ ಮೇಲೆ ಬಿದ್ದು ಮೊಗ್ಗು ಉದುರುತ್ತದೆಂದು ನಿಂತ ಏಣಿಯನ್ನು ನಿಂತ ಹಾಗೇ ಸಾಗಿಸುತ್ತಿದ್ದರು. ಒಬ್ಬ ಬುಡ ತಬ್ಬಿ ಎತ್ತಿದರೆ, ಇನ್ನೊಬ್ಬ ಹಗ್ಗ ಹಿಡಿದು ತುದಿ ನೋಡುತ್ತ ಹಿಂದೆ. ಏಣಿ ನಡೆಸುವುದು ಅನ್ನುತ್ತಿದ್ದರು ಅದಕ್ಕೆ. ದೂರದಿಂದ ನೋಡಿದರೆ ತೋಟದ ನಡುವೆ ಬಿದಿರೊಂದು ತಾನೇ ನಡೆದು ಹೋದಂತೆ ಕಾಣುತ್ತಿತ್ತು.

ಇನ್ನೊಂದು ಪದ್ಧತಿ ನನಗೆ ಮೊದಲಿಂದಲೂ ತಲೆನೋವು. ಕೊಯ್ಲಿನ ಕೊನೆಯ ದಿನ ಎಲ್ಲ ಏಣಿಗಳನ್ನೂ ಸ್ಟೋರಿನ ಅಂಗಳಕ್ಕೆ ತಂದು ಕೊಡಲಿಯಿಂದ ಮುರಿದು ಹಾಕುತ್ತಿದ್ದರು. ಮೊದಲ ಏಟು ಹಿರಿಯವನದು. ಅದೇ ಬಿದಿರಿನಿಂದ ಹಂಡೆಯಲ್ಲಿ ನೀರು ಕಾಯಿಸಿ ಹತ್ತಿದವರೆಲ್ಲ ಸ್ನಾನ ಮಾಡಬೇಕು, ಹತ್ತುವುದು ಬಿಟ್ಟ ಮುದುಕರೂ ಬರಬೇಕು. ಏಣಿಗೆ ಒಂದೇ ವರ್ಷ ಆಯಸ್ಸು. ಇನ್ನೂ ಗಟ್ಟಿಯಿರುವುದನ್ನು ಯಾಕೆ ಮುರಿಯುತ್ತೀರಿ ಎಂದು ಕೇಳಿದಾಗ ತಿಮ್ಮಪ್ಪ, "ಗಟ್ಟಿ ಐತೆ ಅಂತ ಕಾಣ್ತೈತಲ್ಲ, ಅದ್ಕೇ ಕಣವ್ವ ಮುರಿಯೋದು. ಬರೋ ವರ್ಸ ಯಾವನಾರ ನಂಬ್ಕಂಡು ಹತ್ತುಬುಟ್ಟಾನು," ಎಂದಿದ್ದ.

ನನಗೆ ಅದು ಮೂಢನಂಬಿಕೆ ಅನಿಸಿತು. ಅಪ್ಪನ ಅಂಗಡಿಗೆ ಆಗಷ್ಟೇ ಅಲ್ಯುಮಿನಿಯಂ ಒಂಟಿ ಏಣಿಗಳು ಬಂದಿದ್ದವು. ಬಿದಿರಿನ ಕಾಲು ಭಾಗವೂ ತೂಕವಿಲ್ಲ, ಒಬ್ಬನೇ ಎತ್ತಬಹುದು. ಹಾಗಾದರೆ ನಾಲ್ವರು ಜೊತೆಯಿಲ್ಲದೆ ನಾಲ್ಕು ಕಡೆ ಹತ್ತಬಹುದು, ಹೂಮಳೆಗೆ ಮೊದಲೇ ಕೆಲಸ ಮುಗಿಯುತ್ತದೆ. ಸಾಹುಕಾರರಿಗೆ ಹೇಳಿ ಒಪ್ಪಿಸಿದೆ. ಏಣಿಗಳನ್ನು ಜೀಪಿಗೆ ಏರಿಸುವಾಗ ಅಪ್ಪ ಹೊರಗೆ ಬಂದು ಅವುಗಳ ಮೇಲಿದ್ದ ಹಳದಿ ಚೀಟಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ಚೀಟಿಯಲ್ಲಿ ಒಂದು ಮಿಂಚಿನ ಗುರುತು, ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು.

"ಮುರಿಯುವುದಿಲ್ಲ ಅಂತ ಹೇಳು. ತಂತಿ ಹತ್ರ ತಕೊಂಡು ಹೋಗ್ಬಾರ್ದು, ಸಾಗಿಸುವಾಗ ಮಲಗಿಸ್ಬೇಕು ಅಂತಲೂ ಹೇಳು. ಮರೀಬೇಡ ಐರಿನ್," ಎಂದರು.

"ಗೊತ್ತು ಪಪ್ಪಾ," ಎಂದೆ. ನನಗೆ ಆಗಲೇ ಹೊರಡುವ ಅವಸರ.

ಅಂಗಳದಲ್ಲಿ ಏಣಿ ಇಳಿಸಿದಾಗ ಎಲ್ಲರೂ ಬಂದು ಸುತ್ತ ನಿಂತರು. ತಿಮ್ಮಪ್ಪ ಅದನ್ನೂ ತಟ್ಟಿ ನೋಡಿದ. ಕಿವಿಯಿಟ್ಟ. ತಲೆ ಅಲ್ಲಾಡಿಸಿದ.

"ಇದು ಏನೂ ಯೋಳಲ್ಲ ಕಣವ್ವ. ಬಿದಿರಾದ್ರೆ ಮುರಿಯಕ್ಕೆ ಮುಂಚೆ ಕಿರ್ ಅಂತೈತೆ, ಇಳಿಯಕ್ಕೆ ಟೈಮು ಕೊಡ್ತೈತೆ."

"ಇದು ಮುರಿಯೋದೇ ಇಲ್ಲ ತಿಮ್ಮಪ್ಪ, ಮತ್ತೆ ಯಾಕೆ ಹೇಳಬೇಕು?" ಎಂದೆ. ಎಲ್ಲರೂ ನಕ್ಕರು. ಆ ಎಸ್ಟೇಟಿನಲ್ಲಿ ನನ್ನ ಮಾತಿಗೆ ಗಂಡಸರು ನಕ್ಕಿದ್ದು ಅದೇ ಮೊದಲು, ಆ ನಗು ನನ್ನ ತಲೆಗೇರಿತು.

ಆಗ ಮುಂದೆ ಬಂದವನು ಲೋಕೇಶ. ತಿಮ್ಮಪ್ಪನ ಮಗಳು ಸವಿತಾಳನ್ನು ಹಿಂದಿನ ವರ್ಷ ಮದುವೆಯಾಗಿದ್ದ, ನಾಲ್ವರಲ್ಲಿ ಎಲ್ಲರಿಗಿಂತ ಚುರುಕು. ಒಂದು ಏಣಿಯನ್ನು ಒಂದೇ ಕೈಯಲ್ಲಿ ಎತ್ತಿ, ತಿರುಗಿಸಿ, ಚೀಟಿ ನೋಡಿದ.

"ಇದೇನು ರೈಟರಮ್ಮ, ಮಿಂಚಿನ ಚಿತ್ರ?"

ಅಲ್ಲಿ ಹೇಳಬೇಕಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ತಿಮ್ಮಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಕರೆಂಟು ಅಂದರೆ ಸಾಕು, ಬೇಡಪ್ಪ ಈ ಸಹವಾಸ ಎಂದು ಅವನು ಅನ್ನುತ್ತಾನೆ, ಉಳಿದವರು ಅವನ ಹಿಂದೆ ಹೋಗುತ್ತಾರೆ, ನಾನು ಸಾಹುಕಾರರ ಮುಂದೆ ಪೆಚ್ಚಾಗಿ ನಿಲ್ಲುತ್ತೇನೆ. ಮೊದಲು ಹತ್ತಿ ರೂಢಿಯಾಗಲಿ, ನಾಳೆ ನಿಧಾನಕ್ಕೆ ಹೇಳಿದರಾಯಿತು ಅಂದುಕೊಂಡೆ.

"ಅದು ಕಂಪನಿ ಗುರುತು ಕಣೋ," ಎಂದೆ.

ಮರುದಿನ ಹೇಳಲಿಲ್ಲ. ಅದರ ಮರುದಿನವೂ ಇಲ್ಲ. ಕೆಲಸ ಎಷ್ಟು ಚೆನ್ನಾಗಿ ಓಡುತ್ತಿತ್ತೆಂದರೆ ನಡುವೆ ನಿಲ್ಲಿಸಿ ಹೆದರಿಸಲು ಮನಸ್ಸು ಬರಲಿಲ್ಲ. ಸಾಹುಕಾರರು ಬಂದು ಬೆನ್ನು ತಟ್ಟಿ ಹೋದರು. ಲೋಕೇಶನಂತೂ ಏಣಿಯನ್ನು ಒಬ್ಬನೇ ನೆಟ್ಟಗೆ ಎತ್ತಿ ಮರದಿಂದ ಮರಕ್ಕೆ ಓಡುತ್ತಿದ್ದ. ಬಿದಿರಾಗಿದ್ದರೆ ಹಗ್ಗ ಹಿಡಿದವನೊಬ್ಬ ಹಿಂದೆ ತುದಿ ನೋಡುತ್ತ ಬರುತ್ತಿದ್ದ. ಈಗ ತುದಿ ನೋಡುವವರೇ ಇರಲಿಲ್ಲ. ತಿಮ್ಮಪ್ಪ ಮಾತ್ರ ತನ್ನ ಬಿದಿರನ್ನು ಬಿಡಲಿಲ್ಲ. ಹಳೇ ಕಾಲದವನು ಎಂದು ನಾನೂ ಬಿಟ್ಟೆ.

ಕೆರೆಯ ಪಕ್ಕದ ಪಟ್ಟೆಗೆ ಹೋದ ದಿನ ಗಾಳಿ ಒಂಚೂರೂ ಇರಲಿಲ್ಲ. ಹನ್ನೊಂದು ಗಂಟೆಯಿರಬೇಕು. ಕೆರೆಯ ಕಡೆಯಿಂದ ಪಂಪು ಗುರ್ ಎಂದು ಶುರುವಾದ ಸದ್ದು ಕೇಳಿತು, ಓ ಕರೆಂಟು ಬಂತು ಎಂದು ಯಾರೋ ಹೇಳಿದರು. ನಾನು ತಲೆಯೆತ್ತಿದೆ. ಲೋಕೇಶ ಏಣಿ ನಡೆಸುತ್ತ ಒಂದು ಮರದಿಂದ ಇನ್ನೊಂದಕ್ಕೆ ಹೊರಟಿದ್ದ. ಏಣಿಯ ತುದಿ ಸಿಲ್ವರ್ ಎಲೆಗಳ ನಡುವೆ ಎಲ್ಲೋ ಹೋಗಿತ್ತು, ಆ ಎಲೆಗಳ ಆಚೆ ತಂತಿ.

ಅವನು ಕೂಗಲಿಲ್ಲ. ಎರಡು ಕೈಯಲ್ಲಿ ಏಣಿ ಹಿಡಿದು ನಿಂತವನು ನಿಂತ ಹಾಗೇ ನಡುಗತೊಡಗಿದ. ಅವನ ಪಕ್ಕದ ಸಾಲಿನಲ್ಲಿದ್ದ ಇಬ್ಬರು ಹಿಡಿದುಕೊಳ್ಳಲು ಓಡಿದರು.

"ಮುಟ್ಟಬೇಡಿ! ಯಾರೂ ಮುಟ್ಟಬೇಡಿ!" ಎಂದು ಕಿರುಚಿದೆ. ಅವರು ಗಕ್ಕನೆ ನಿಂತರು. ತಂತಿಯ ಮೇನ್ ಸ್ವಿಚ್ಚು ಕೆರೆಯ ಆಚೆ ದಡದಲ್ಲಿತ್ತು, ಓಡಿದರೂ ಹೊತ್ತು ಸಾಲದು. ಆ ಗಳಿಗೆಯಲ್ಲಿ ತಿಮ್ಮಪ್ಪ ಮಾತ್ರ ಕದಲಿದ. ಪಕ್ಕದ ಮರಕ್ಕೆ ಒರಗಿಸಿದ್ದ ತನ್ನ ಒಣ ಬಿದಿರಿನ ಏಣಿಯ ಬುಡಕ್ಕೆ ಭುಜ ಕೊಟ್ಟು, ಇಡೀ ಮೈಯಿಂದ ನೂಕಿದ. ಬಿದಿರು ಓಲಾಡಿ, ಅಡ್ಡಕ್ಕೆ ತಿರುಗಿ, ಅಲ್ಯುಮಿನಿಯಂ ಏಣಿಯ ನಡುವಿಗೆ ಅಪ್ಪಳಿಸಿತು. ಆ ಏಣಿ ತಂತಿ ಬಿಟ್ಟು ಆಚೆ ವಾಲಿತು. ಲೋಕೇಶ ಬಿದ್ದ. ಬಿದಿರು ಕಲ್ಲಿನ ಮೇಲೆ ಬಿದ್ದು ದೊಡ್ಡ ಸದ್ದು ಮಾಡಿ ಎರಡು ತುಂಡಾಯಿತು.

ಅಲ್ಯುಮಿನಿಯಂ ಏಣಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಆಮೇಲೆ ನಾನೇ ಎದೆ ಒತ್ತಿದೆ, ನಾನೇ ಜೀಪು ಓಡಿಸಿದೆ. ಹೊಂಗಡಹಳ್ಳದಿಂದ ಸಕಲೇಶಪುರದವರೆಗೆ ಆ ತಿರುವುಗಳಲ್ಲಿ ಒಂದು ಸಲವೂ ಗಾಡಿ ನಿಲ್ಲಿಸಲಿಲ್ಲ. ಲೋಕೇಶ ಉಳಿದ. ಬಲಗೈಯ ಎರಡು ಬೆರಳು ಹೋದವು, ಉಳಿದವು ಮಡಚಿಕೊಂಡು ಗಟ್ಟಿಯಾದವು. ಇನ್ನು ಮರ ಹತ್ತುವ ಕೈಯಲ್ಲ ಅದು.

ಸುದ್ದಿ ಕೇಳಿ ಅಪ್ಪ ಅಂಗಡಿ ಬಾಗಿಲು ಹಾಕಿ ಆಸ್ಪತ್ರೆಗೆ ಓಡಿ ಬಂದರು. ಸಾಹುಕಾರರೂ ಅಲ್ಲೇ ನಿಂತಿದ್ದರು, ಎಸ್ಟೇಟಿನ ಲೈನುಮನೆಗಳ ನಾಲ್ಕು ಜನ ಕೂಲಿಯವರೂ. ಅಪ್ಪ ನನ್ನ ಎರಡೂ ತೋಳು ಹಿಡಿದು ಕೇಳಿದರು. "ತಂತಿ ವಿಷಯ ನೀನು ಅವರಿಗೆ ಹೇಳಿದ್ದೀ ಅಲ್ವಾ ಮಗಾ?"

ಅವರ ಕಣ್ಣು ನೋಡಿದೆ. ಇಲ್ಲ ಎಂದರೆ ಅವರು ಅಲ್ಲೇ ಕುಸಿಯುತ್ತಾರೆ ಅನಿಸಿತು. ಹಾಗಂತ ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ನಿಜವೇನೆಂದರೆ ಕುಸಿಯುವವಳು ನಾನಾಗಿದ್ದೆ.

"ಹೇಳಿದ್ದೆ ಪಪ್ಪಾ," ಎಂದೆ.

ಅಷ್ಟೇ ಸಾಕಾಯಿತು. ಸಂಜೆಯೊಳಗೆ ಆ ಮಾತು ಎಸ್ಟೇಟು ಮುಟ್ಟಿತು. ರೈಟರಮ್ಮ ಹೇಳಿದ್ದರಂತೆ, ಲೋಕೇಶನೇ ಕೇಳಲಿಲ್ಲವಂತೆ, ಹುಡುಗು ಬುದ್ಧಿ. ಮುಟ್ಟಬೇಡಿ ಎಂದು ಅವರು ಕೂಗದಿದ್ದರೆ ಇನ್ನಿಬ್ಬರು ಹೋಗುತ್ತಿದ್ದರು, ಕಣ್ಣಲ್ಲಿ ಒಂದು ಹನಿ ನೀರು ಹಾಕಲಿಲ್ಲ ನೋಡಿ, ಎಂಥ ಗಟ್ಟಿ ಹೆಂಗಸು! ಮಾಡು ನೋಡುತ್ತಿದ್ದ ಗಂಡಸರು ಈಗ ನನ್ನ ಮುಖ ನೋಡಿ ನಮಸ್ಕಾರ ಹಾಕತೊಡಗಿದರು. ನಾನು ಅಳದೆ ಇದ್ದದ್ದು ಯಾಕೆಂದು ನನಗೊಬ್ಬಳಿಗೇ ಗೊತ್ತಿತ್ತು. ಬಾಯಿ ತೆರೆದು ಅತ್ತರೆ ಅಳುವಿನ ಜೊತೆ ನಿಜವೂ ಹೊರಗೆ ಬರುತ್ತಿತ್ತು.

ಐದನೆಯ ದಿನ ಬ್ರೆಡ್ಡು, ಕಿತ್ತಳೆ ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ವಾರ್ಡಿನ ಬಾಗಿಲ ಹತ್ತಿರ ಬಂದಾಗ ಒಳಗೆ ಲೋಕೇಶನ ದನಿ ಕೇಳಿತು.

"ಮಾವ, ನಾನೇ ಕೇಳ್ದೆ. ಇದೇನು ಅಂತ ಕೇಳ್ದೆ. ಕಂಪ್ನಿ ಗುರುತು ಅಂದ್ರು."

"ಸಾಕು ಸುಮ್ಕಿರೋ," ಎಂದ ತಿಮ್ಮಪ್ಪ. "ತಪ್ಪು ಮಾಡ್ಬುಟ್ಟು ಇನ್ನೊಬ್ರ ಮೇಲೆ ಹಾಕ್ಬ್ಯಾಡ. ಆ ತಾಯಿ ಇಲ್ದಿದ್ರೆ ನಿನ್ನ ಹೆಣ ಹೊತ್ಕಂಡ್ ಬತ್ತಿದ್ವಿ. ನನ್ನ ಮಗಳನ್ನ ಕೊಟ್ಟಿದ್ದು ಗಂಡಸಿಗೆ ಅನ್ಕಂಡಿದ್ದೆ."

ಒಂದು ಹೆಜ್ಜೆ ಒಳಗಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ಚೀಲವನ್ನು ಹೊರಗಿನ ಬೆಂಚಿನ ಮೇಲಿಟ್ಟು, ನರ್ಸಿಗೆ ಸನ್ನೆ ಮಾಡಿ, ಸದ್ದಿಲ್ಲದೆ ಮೆಟ್ಟಿಲಿಳಿದೆ.

ಮಾರನೆಯ ವಾರ ಹೂಮಳೆ ಬಿತ್ತು. ಮಳೆಯಾದ ಎಂಟನೆಯ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಇಡೀ ಗುಡ್ಡ ಬೆಳ್ಳಗೆ, ಕಾಫಿ ಹೂವಿನ ಪರಿಮಳ ಕೋಣೆಯೊಳಗೆ ನುಗ್ಗಿತು. ಬೇರೆಯವರು ಆ ವಾಸನೆಗೆಂದೇ ನಮ್ಮ ಕಡೆ ಬಂದು ಹೋಗುತ್ತಾರೆ. ನಾನು ಬಾಗಿಲು, ಕಿಟಕಿ ಎಲ್ಲ ಮುಚ್ಚಿಕೊಂಡೆ. ಕೊಯ್ಲು ಮುಗಿದ ದಿನ ತಿಮ್ಮಪ್ಪ ತನ್ನ ಬಿದಿರಿನ ಎರಡು ತುಂಡುಗಳನ್ನು ತಂದು ಅಂಗಳದಲ್ಲಿಟ್ಟ. ಇನ್ನು ಮುರಿಯಲು ಏನೂ ಇರಲಿಲ್ಲ. ಹಂಡೆಯ ನೀರು ಅರೆಬರೆ ಕಾಯಿತು. ಎಲ್ಲರೂ ಹೋದ ಮೇಲೆ ನಾನು ಕೊಡಲಿ ತೆಗೆದುಕೊಂಡು ಸ್ಟೋರಿನ ಹಿಂದೆ ಹೋಗಿ ಆ ಅಲ್ಯುಮಿನಿಯಂ ಏಣಿಗೆ ಹೊಡೆದೆ. ಅಂಗೈ ಬೊಬ್ಬೆ ಬರುವವರೆಗೆ ಹೊಡೆದೆ. ತಗ್ಗು ಬಿತ್ತು, ಅಷ್ಟೆ. ಮುರಿಯುವುದಿಲ್ಲ ಎಂದು ಹೇಳಿ ತಂದವಳು ನಾನೇ ತಾನೆ! ಮಳೆಗಾಲ ಹಿಡಿಯುವ ಮೊದಲೇ ಕೆಲಸ ಬಿಟ್ಟೆ. ಮೂರು ವರ್ಷದ ನಂತರ ಅಪ್ಪ ತೀರಿಹೋದರು. ಕೊನೆಯವರೆಗೂ ಗಿರಾಕಿಗಳಿಗೆ, ನನ್ನ ಮಗಳು ಹೇಳಿದ್ದಳು ಮಾರಾಯ್ರೇ, ಆ ಹುಡುಗನೇ ಕೇಳಲಿಲ್ಲ, ಎಂದು ಬೇಸರದಿಂದ ಹೇಳುತ್ತಿದ್ದರು. ಅವರ ಬಾಯಲ್ಲಿ ಸುಳ್ಳು ಇಟ್ಟು ಕಳಿಸಿದವಳು ನಾನು.

ಆನೇಮಹಲ್‌ನಿಂದ ಆ ದಿನ ಮಂಗಳೂರಿಗೆ ಹೋಗದೆ, ಲೋಕೇಶನನ್ನು ನೋಡಲೇಬೇಕೆಂದು ಸಿಕ್ಕಿದ ಗಾಡಿ ಹತ್ತಿ ಸಕಲೇಶಪುರಕ್ಕೆ ವಾಪಸ್ ಬಂದು, ಅಲ್ಲಿಂದ ಬಸ್ಸಿನಲ್ಲಿ ಹೊಂಗಡಹಳ್ಳಕ್ಕೆ ಹೋದೆ. ದಾರಿಯುದ್ದಕ್ಕೂ ಇಳಿದುಬಿಡಲೇ ಎಂದು ನಾಲ್ಕು ಸಲ ಸೀಟಿನಿಂದ ಎದ್ದು ಕುಳಿತೆ. ಲೋಕೇಶ ಈಗ ಮೆಣಸಿನ ಸಸಿ ಮಾಡಿ ಮಾರುತ್ತಾನೆಂದು ಅಂಗಡಿಯವರೊಬ್ಬರು ದಾರಿ ತೋರಿಸಿದರು. ಅವನ ಮನೆಗೆ ಒಂದು ಸಣ್ಣ ಹಳ್ಳ ದಾಟಬೇಕು. ಹಳ್ಳದ ಮೇಲೆ ಅಡ್ಡಲಾಗಿ ಎರಡು ಅಲ್ಯುಮಿನಿಯಂ ಏಣಿ ಮಲಗಿಸಿ ಹಲಗೆ ಬಡಿದಿದ್ದರು. ಒಂದರ ಮೇಲೆ ಕೊಡಲಿಯ ತಗ್ಗುಗಳು. ಸಾಹುಕಾರರು ಎಸೆದದ್ದನ್ನು ಎತ್ತಿಕೊಂಡು ಬಂದಿರಬೇಕು. ಕಾಲಿಟ್ಟೆ. ಕಿರ್ ಎನ್ನಲಿಲ್ಲ.

ಲೋಕೇಶ ನೆರಳು ಬಲೆಯ ಕೆಳಗೆ ಕುಳಿತು ಎಡಗೈಯಿಂದ ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುತ್ತಿದ್ದ. ಬಲಗೈ ಚೀಲದ ಬಾಯಿ ಅಗಲಿಸಿ ಹಿಡಿಯಲು. ನನ್ನನ್ನು ನೋಡಿ ಎದ್ದ. ಸವಿತಾ ಸ್ಟೂಲು ತಂದಿಟ್ಟಳು. ನಾನು ಕೂರಲಿಲ್ಲ, ನಿಂತೇ ಹೇಳಿದೆ. ಚೀಟಿ, ಅಪ್ಪ ಹೇಳಿದ್ದು, ನಾನ್ಯಾಕೆ ಹೇಳಲಿಲ್ಲ, ಆಸ್ಪತ್ರೆಯ ಬಾಗಿಲು, ಎಲ್ಲ.

ಅವನು ಪೂರ್ತಿ ಕೇಳಿ ಮತ್ತೆ ಕುಳಿತು ಇನ್ನೊಂದು ಚೀಲ ತೆಗೆದುಕೊಂಡ.

"ನಂಗ್ಯಾಕೆ ಯೋಳ್ತೀರಾ ರೈಟರಮ್ಮ? ನಂಗ್ ಗೊತ್ತಲ್ಲ. ಕೇಳಿದ್ದೇ ನಾನು."

ಚೀಲಕ್ಕೆ ಒಂದು ಹಿಡಿ ಮಣ್ಣು ಹಾಕಿ ಒತ್ತಿದ.

"ಕೈ ಹೋಯ್ತು, ಹೋಗ್ಲಿ. ಇದ್ರಾಗೇ ಬದುಕ್ತಿವ್ನಿ," ಎಂದ. "ಸುಳ್ಳ ಅನ್ನಿಸ್ಕಂಡೆನಲ್ಲ, ಅದು ಹೋಗಿಲ್ಲ. ಆ ವರ್ಸದಿಂದ ನಮ್ಮಾವ ನನ್ನ ಕೂಡೆ ಬೇಕಾದಷ್ಟೇ ಮಾತು. ಏಣಿ ಮುರಿಯೋ ದಿನ ಹೋಗಿದ್ದೆ ಒಂದ್ ವರ್ಸ. ಮುರೀದಿರೋ ಏಣಿ ಕೊಟ್ರೂ ಕೈ ಮುರ್ಕಂಡೋನು ಬಂದ ಅಂತ ನಗಾಡುದ್ರು. ಅವತ್ತಿಂದ ಹೋಗಿಲ್ಲ."

"ನಾನೀಗ ಏನು ಮಾಡಲಿ ಲೋಕೇಶ?"

"ಬರೋ ಭಾನುವಾರ ಏಣಿ ಮುರೀತಾರೆ. ಎಲ್ರೂ ಇರ್ತಾರೆ. ಮಾವಂಗೆ ಕಿವಿ ಮಂದ ಆಗೈತೆ, ಆದ್ರೂ ಮೊದಲನೇ ಏಟು ಅವನದೇ." ಮಣ್ಣು ತುಂಬಿದ ಚೀಲವನ್ನು ಸಾಲಿನಲ್ಲಿಟ್ಟ. "ಅಲ್ಲಿ ಯೋಳಿ."

ಸವಿತಾ ಕಾಫಿ ತರಲು ಒಳಗೆ ಹೋಗಿದ್ದವಳು ಹೊರಗೆ ಬರಲೇ ಇಲ್ಲ. ನಾನು ಹೊರಟೆ.

ಆ ವಾರ ನಾನು ಅಂಗಡಿಯಲ್ಲಿ ಒಂದು ಕಡೆ ಕುಳಿತವಳಲ್ಲ. ಶೆಲ್ಫಿನ ಸಾಮಾನು ಇಳಿಸಿ, ಒರೆಸಿ, ಮತ್ತೆ ಅಲ್ಲೇ ಇಟ್ಟೆ. ಬಕೆಟ್ ಕೊಳ್ಳಲು ಬಂದ ಹೆಂಗಸಿಗೆ ಬೂದಿ ಹಾಕಬೇಡಿ, ಬಿಸಿಲಿಗಿಡಬೇಡಿ, ಹಿಡಿ ಹಿಡಿದು ಎಳೆಯಬೇಡಿ ಎಂದು ಹೇಳುತ್ತಲೇ ಹೋದಾಗ ಅವಳು ಬಕೆಟ್ಟನ್ನು ಅಲ್ಲೇ ಬಿಟ್ಟು ಹೋದಳು. ಶನಿವಾರ ಜ್ವರ ಬಂದರೆ ಚೆನ್ನಾಗಿತ್ತು ಎಂದು ಹಣೆ ಮುಟ್ಟಿ ನೋಡಿಕೊಂಡೆ. ತಣ್ಣಗಿತ್ತು. ಎಲ್ಲರೂ ಗಟ್ಟಿ ಎಂದು ಕರೆದ ಹೆಂಗಸು ಒಂದು ಜ್ವರಕ್ಕಾಗಿ ದೇವರನ್ನು ಬೇಡಿಕೊಂಡಳು.

ಭಾನುವಾರ ಚರ್ಚಿನ ಪೂಜೆಗೆ ಹೋಗದೆ ಮೊದಲ ಬಸ್ಸು ಹಿಡಿದೆ. ಸ್ಟೋರಿನ ಅಂಗಳದಲ್ಲಿ ಮೂವತ್ತು ಜನರಿದ್ದರು. ಈಗ ಕೆಲವು ಫೈಬರ್ ಏಣಿಗಳೂ ಬಂದಿವೆ, ಅವನ್ನು ಗೋಡೆಗೆ ಒರಗಿಸಿದ್ದರು. ಮುರಿಯಬೇಕಾದ ಬಿದಿರುಗಳು ನೆಲದ ಮೇಲೆ. ಹಂಡೆಯ ಕೆಳಗೆ ತರಗು ಒಟ್ಟಿದ್ದರು. ತಿಮ್ಮಪ್ಪ ಕೊಡಲಿ ಹಿಡಿದು ನಿಂತಿದ್ದ, ಬೆನ್ನು ಬಾಗಿದರೂ ಕೈ ಅದೇ ಕೈ. ನನ್ನನ್ನು ಗುರುತಿಸಿ ಮುಖ ಅರಳಿಸಿದ.

"ಓ, ನಮ್ ಗಟ್ಟಿ ರೈಟರಮ್ಮ! ಬನ್ನಿ ತಾಯಿ, ಬನ್ನಿ," ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದ. ಹಳಬರು ಎದ್ದು ನಿಂತರು. ಆ ಮರ್ಯಾದೆ ನನ್ನ ಕೆನ್ನೆಗೆ ಹೊಡೆದ ಹಾಗಿತ್ತು. ಅವರೆಲ್ಲರ ಹಿಂದೆ, ಅಂಗಳದ ಬೇಲಿಯ ಹೊರಗೆ, ಲೋಕೇಶ ನಿಂತಿದ್ದ.

ನಾನು ನಡುವೆ ಹೋಗಿ ನಿಂತೆ. ಎಷ್ಟು ಸಲ ಮನಸ್ಸಿನಲ್ಲೇ ಹೇಳಿ ರೂಢಿ ಮಾಡಿಕೊಂಡಿದ್ದೆನೋ ಅದೆಲ್ಲ ಮರೆತುಹೋಯಿತು.

"ಆ ಚೀಟಿ ಏನು ಅಂತ ಲೋಕೇಶ ನನ್ನನ್ನ ಕೇಳಿದ್ದ. ನಾನು ಕಂಪನಿ ಗುರುತು ಅಂತ ಸುಳ್ಳು ಹೇಳಿದೆ. ಕರೆಂಟು ಹಿಡಿಯುತ್ತೆ ಅಂತ ನನಗೆ ಗೊತ್ತಿತ್ತು. ಆಮೇಲೆ, ಹೇಳಿದ್ದೆ ಅಂತ ಇನ್ನೊಂದು ಸುಳ್ಳು ಹೇಳಿದೆ. ಅವನದು ಏನೂ ತಪ್ಪಿಲ್ಲ."

ದನಿ ಕೊನೆಯಲ್ಲಿ ಸೀಳಿಹೋಯಿತು. ಎದ್ದು ನಿಂತವರು ಕೂರಲಿಲ್ಲ. ತಿಮ್ಮಪ್ಪ ಮಾತ್ರ ಇನ್ನೂ ನಗುಮುಖದಲ್ಲೇ ನನ್ನ ತುಟಿ ನೋಡುತ್ತ, ಏನಂದ್ರು ಎಂದು ಪಕ್ಕದವನನ್ನು ಕೇಳಿದ. ಪಕ್ಕದವನು ನೆಲ ನೋಡಿದ.

ಲೋಕೇಶ ಬೇಲಿ ದಾಟಿ ಒಳಗೆ ಬಂದ.

"ಇನ್ನೊಂದ್ ಸಲ ಯೋಳಿ ರೈಟರಮ್ಮ," ಎಂದ. "ಜೋರಾಗಿ. ನಮ್ಮಾವಂಗೆ ಕೇಳಿಲ್ಲ."

ನಾನು ತಿಮ್ಮಪ್ಪನ ಹತ್ತಿರ ಹೋಗಿ, ಅವನ ಕಿವಿಗೆ ಬಾಯಿಟ್ಟು, ಮೂವತ್ತು ಜನಕ್ಕೂ ಕೇಳುವ ಹಾಗೆ ಇನ್ನೊಂದು ಸಲ ಹೇಳಿದೆ. ಅಳುತ್ತಲೇ ಹೇಳಿದೆ, ಒಂದೊಂದೇ ಮಾತು.

ತಿಮ್ಮಪ್ಪನ ನಗು ನಿಂತಿತು. ಅವನು ನನ್ನ ಕಡೆ ನೋಡಲಿಲ್ಲ. ಕೆಳಗೆ ಬಿದ್ದಿದ್ದ ಬಿದಿರುಗಳನ್ನು ನೋಡಿದ, ಆಮೇಲೆ ಅಳಿಯನನ್ನು.

"ನೀ ಯೋಳಿದ್ದೆ ಕಣೋ," ಎಂದ. "ಆಸ್ಪತ್ರೇನಾಗೇ ಯೋಳಿದ್ದೆ."

ಕೊಡಲಿಯನ್ನು ತಿರುಗಿಸಿ, ಅದರ ಕಾವನ್ನು ಲೋಕೇಶನ ಕಡೆಗೆ ಹಿಡಿದ.